ದೇವಿಮನೆ ಘಟ್ಟ ಇಳಿದರೆ ನೀಲಿ ಹೊಗೆ: ಟರ್ಬೊ ಬದಲಿಸುವ ಮೊದಲು ಎರಡು ಹೋಸ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನ ಹತ್ತಿರ 2010ರ ಡೀಸೆಲ್ ಸ್ವಿಫ್ಟ್ ಇದೆ. ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಈಗ 1,74,000 ಕಿ.ಮೀ. ಆಗಿದೆ. ಮನೆ ಶಿರಸಿಯಿಂದ 6 ಕಿ.ಮೀ. ಒಳಗೆ. ಗಾಡಿ ನಿಲ್ಲಿಸುವುದು ಅಡಿಕೆ ಒಣಗಿಸುವ ಅಂಗಳದ ಪಕ್ಕದ ಮಾಡಿನಲ್ಲಿ. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಹೊಗೆ ಶುರುವಾಯಿತು. ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿದು ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಮೋಡ. ಪೇಟೆಯಲ್ಲಿ ಐದು ನಿಮಿಷ ಎಂಜಿನ್ ಚಾಲೂ ಇಟ್ಟು ನಿಂತು ಹೊರಟರೂ ಹಾಗೇ. ಘಟ್ಟ ಹತ್ತುವಾಗ ಅಷ್ಟಿಲ್ಲ. ಪಿಕಪ್ ಚೆನ್ನಾಗಿದೆ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತಿದೆ. ಒಂದು ಗ್ಯಾರೇಜಿನವರು ಟರ್ಬೊ ಹೋಗಿದೆ, 40 ಸಾವಿರ ಎಂದರು. ಇನ್ನೊಂದು ಕಡೆ ಎಂಜಿನ್ನೇ ಬಿಚ್ಚಬೇಕು ಎಂದರು. ಇಬ್ಬರೂ ಬಾನೆಟ್ ಎತ್ತಿ ನೋಡಿದ್ದಷ್ಟೇ. ಯಾರನ್ನು ನಂಬಲಿ? ಹದಿನೈದು ದಿನದಲ್ಲಿ ಕಾರವಾರದಲ್ಲಿ ಮದುವೆ ಇದೆ, ಈ ಗಾಡಿಯಲ್ಲಿ ಹೋಗಬಹುದಾ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಅವರು ಸುಳ್ಳು ಹೇಳಿದರು ಅಂತಲ್ಲ. ಇಬ್ಬರಲ್ಲಿ ಒಬ್ಬರ ಮಾತು ನಿಜವೇ ಆಗಿರಬಹುದು. ಆದರೆ ಒಂದು ಹೋಸನ್ನೂ ಬಿಚ್ಚದೆ ಹೇಳಿದ್ದು ಬರೀ ಊಹೆ. ಬೇರೆಯವರ ಊಹೆಗೆ ನೀವು ಯಾಕೆ 40 ಸಾವಿರ ಕೊಡಬೇಕು?

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಹೊಗೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಇಷ್ಟು ಸರಿಯಾಗಿ ಹೇಳುವವರು ಕಡಿಮೆ. ಹೆಚ್ಚಿನವರು ಗಾಡಿ ತಂದು ನಿಲ್ಲಿಸಿ "ಸಿಕ್ಕಾಪಟ್ಟೆ ಹೊಗೆ" ಅಂತಾರೆ, ಅಷ್ಟೇ.

ಮೊದಲು ಬಣ್ಣ. ನೀಲಿ ಎಂದಿದ್ದೀರಿ, ಅದು ನಿಜವಾಗಿ ನೀಲಿಯೇ ಎಂದು ಗಟ್ಟಿ ಮಾಡಿಕೊಳ್ಳಿ. ಕಾರಿನೊಳಗೆ ಕೂತು ಕನ್ನಡಿಯಲ್ಲಿ ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ. ಹಿಂದೆ ಬೈಕಿನಲ್ಲಿ ಇಬ್ಬರು ಬರಲಿ, ಹಿಂದೆ ಕೂತವರು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ನಮ್ಮ ಘಟ್ಟದ ರಸ್ತೆಯಲ್ಲಿ ಒಂದು ಅನುಕೂಲ ಇದೆ. ನೀಲಿ ಹೊಗೆ ಕಪ್ಪಗಿರುವ ಕಾಡಿನ ಎದುರು ಎದ್ದು ಕಾಣುತ್ತದೆ, ಬಿಳಿ ಆಕಾಶದ ಎದುರು ಮಂಕಾಗುತ್ತದೆ. ಕಪ್ಪು ಹೊಗೆ ಇದಕ್ಕೆ ಉಲ್ಟಾ. ಒಂದೇ ತಿರುವಿನಲ್ಲಿ ಎರಡನ್ನೂ ನೋಡಬಹುದು.

ಕಪ್ಪಾಗಿದ್ದರೆ ಅದು ಡೀಸೆಲ್ ಜಾಸ್ತಿ, ಗಾಳಿ ಕಡಿಮೆ ಆದ ಹೊಗೆ. ಎಲ್ಲೋ ಗಾಳಿಯ ಹೋಸ್ ಹರಿದಿರುತ್ತದೆ, ಇಲ್ಲವೇ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಅಥವಾ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇ.ಜಿ.ಆರ್. ತೊಂದರೆ. ಅದಾದರೆ ಪಿಕಪ್ ಕೂಡ ಬಿದ್ದಿರಬೇಕು, ನಿಮ್ಮದು ಬಿದ್ದಿಲ್ಲ. ಬಿಳಿ ಹೊಗೆ ಬಂದು ಕಣ್ಣು ಉರಿದರೆ ಅದು ಸುಡದ ಡೀಸೆಲ್. ಬಿಳಿ ಹೊಗೆ ಸಿಹಿ ಸಿಹಿ ವಾಸನೆ ಹೊಡೆದರೆ ಎಂಜಿನ್ ತಂಪು ಮಾಡುವ ಕೂಲಂಟ್. ಡಿಸೆಂಬರ್ ಬೆಳಿಗ್ಗೆ ಶಿರಸಿಯಲ್ಲಿ ಎರಡು ನಿಮಿಷ ಬಿಳಿ ಆವಿ ಬಂದರೆ ಏನೂ ಅಲ್ಲ, ನಮ್ಮ ಬಾಯಿಂದಲೂ ಬರುತ್ತದೆ. ನೀಲಿ ಅಂದರೆ ಮಾತ್ರ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಅನುಮಾನ ಇದ್ದರೆ ಸೈಲೆನ್ಸರಿನ ಬಾಯಿಗೆ ಅರ್ಧ ಅಡಿ ದೂರದಲ್ಲಿ ಬಿಳಿ ಕಾಗದ ಹಿಡಿದು ಯಾರಿಗಾದರೂ ಆಕ್ಸಿಲರೇಟರ್ ಒತ್ತಲು ಹೇಳಿ. ಒಣ ಮಸಿ ಕೂತರೆ ಬೆರಳಿಗೆ ಪುಡಿಯಾಗಿ ಬರುತ್ತದೆ. ಆಯಿಲ್ ಆದರೆ ಜಿಡ್ಡಿನ ಚುಕ್ಕೆ ಬೀಳುತ್ತದೆ, ಒರೆಸಿದರೆ ಹರಡುತ್ತದೆ.

ಸರಿ, ಆಯಿಲ್ ಸುಡುತ್ತಿದೆ ಎಂದೇ ಇಟ್ಟುಕೊಳ್ಳೋಣ. ಸಾವಿರಕ್ಕೆ ಅರ್ಧ ಲೀಟರ್ ಹೋಗುತ್ತಿರುವುದೂ ಅದನ್ನೇ ಹೇಳುತ್ತದೆ. ಈಗ ಆ ಆಯಿಲ್ ಯಾವ ದಾರಿಯಲ್ಲಿ ಹೋಗಿ ಸುಡುತ್ತಿದೆ ಎನ್ನುವುದೇ ಪ್ರಶ್ನೆ. ಇದಕ್ಕೆ ಟರ್ಬೊದ ಒಳಗೆ ಏನಿದೆ ಎಂದು ಸ್ವಲ್ಪ ಗೊತ್ತಿರಬೇಕು. ತಾಳ್ಮೆ ಇರಲಿ, ಇದೊಂದು ಗೊತ್ತಾದರೆ ಯಾವ ಗ್ಯಾರೇಜಿನಲ್ಲೂ ನಿಮಗೆ ಟೋಪಿ ಹಾಕಲು ಆಗುವುದಿಲ್ಲ.

ಟರ್ಬೊ ಅಂದರೆ ಒಂದೇ ಶಾಫ್ಟಿಗೆ ಎರಡು ತುದಿಯಲ್ಲಿ ಎರಡು ಫ್ಯಾನ್. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಜೋರಿನಲ್ಲಿ ನಿಮಿಷಕ್ಕೆ ಸುಮಾರು 350 ಸುತ್ತು ಹೊಡೆಯುತ್ತದೆ. ಸಣ್ಣ ಕಾರಿನ ಟರ್ಬೊ ಘಟ್ಟ ಹತ್ತುವಾಗ ಲಕ್ಷ ದಾಟಿ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಆ ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಮುಗಿಯಿತು. ಹಾಗಾಗಿ ಶಾಫ್ಟ್ ಬುಶ್ಶಿನೊಳಗೆ ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಎಂಜಿನ್ ಆಯಿಲೇ ಸಣ್ಣ ಪೈಪಿನಲ್ಲಿ ಒತ್ತಡದಿಂದ ಅಲ್ಲಿಗೆ ಬರುತ್ತದೆ, ದಪ್ಪ ಪೈಪಿನಲ್ಲಿ ತನ್ನಷ್ಟಕ್ಕೆ ಕೆಳಗೆ ಇಳಿದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಹೋಗುತ್ತದೆ.

ಈ ಆಯಿಲ್ ಎರಡೂ ಕಡೆಯ ಫ್ಯಾನಿಗೆ ದಾಟದಂತೆ ತಡೆಯಲು ಸೀಲು ಇದೆ. ಸೀಲು ಅಂದ ಕೂಡಲೇ ನಮಗೆ ರಬ್ಬರ್ ನೆನಪಾಗುತ್ತದೆ. ಇಲ್ಲಿ ರಬ್ಬರ್ ಇಲ್ಲ, ಆ ಬಿಸಿಗೆ ಅದು ಒಂದು ದಿನವೂ ಬಾಳದು. ಇರುವುದು ಪಿಸ್ಟನ್ ರಿಂಗಿನ ಹಾಗೆ ಬಾಯಿ ಬಿಟ್ಟಿರುವ ಸಣ್ಣ ಲೋಹದ ರಿಂಗು. ಬಾಯಿ ಇದೆ ಅಂದ ಮೇಲೆ ಅದು ಪೂರ್ತಿ ಮುಚ್ಚುವುದಿಲ್ಲ, ಅಲ್ವಾ? ಆದರೂ ಆಯಿಲ್ ದಾಟದೇ ಇರುವುದಕ್ಕೆ ಎರಡು ಕಾರಣ. ಫ್ಯಾನುಗಳ ಕಡೆ ಗಾಳಿಯ ಒತ್ತಡ ಜಾಸ್ತಿ, ನಡುವೆ ಕಡಿಮೆ. ಹಾಗಾಗಿ ಗಾಳಿಯೇ ಆಯಿಲನ್ನು ಒಳಕ್ಕೆ ತಳ್ಳಿ ಹಿಡಿದಿರುತ್ತದೆ. ಎರಡನೆಯದು, ಬಂದ ಆಯಿಲ್ ನಿಲ್ಲದೆ ಕೆಳಗೆ ಇಳಿದು ಹೋಗುತ್ತಿರುತ್ತದೆ.

ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದಿಂದ ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಅಬ್ಬಿ ನೀರು ತಂದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಕೆಳಗಿನ ತುದಿಯಲ್ಲಿ ನಾಲ್ಕು ತರಗೆಲೆ ಸಿಕ್ಕಿಕೊಂಡರೆ ನೀರು ಮೇಲೆ ದಬ್ಬೆಯ ಅಂಚಿನಿಂದ ಚೆಲ್ಲುತ್ತದೆ. ಚೆಲ್ಲಿದ ಜಾಗದಲ್ಲಿ ದಬ್ಬೆ ಒಡೆದಿದೆ ಎಂದು ಯಾರೂ ಹೊಸ ದಬ್ಬೆ ತರುವುದಿಲ್ಲ. ಕೆಳಗೆ ಹೋಗಿ ಎಲೆ ತೆಗೆಯುತ್ತಾರೆ. ಟರ್ಬೊ ವಿಷಯದಲ್ಲಿ ಮಾತ್ರ ಎಲ್ಲರೂ ಹೊಸ ದಬ್ಬೆ ತರುತ್ತಾರೆ.

ನಾನೂ ತಂದವನೇ. ಗ್ಯಾರೇಜ್ ಶುರು ಮಾಡಿದ ಹೊಸತರಲ್ಲಿ ಯಲ್ಲಾಪುರ ಕಡೆಯ ಒಂದು ಜೀಪು ಬಂತು, ಹೀಗೇ ನೀಲಿ ಹೊಗೆ. ಹಿಂದೆ ಮುಂದೆ ನೋಡದೆ ಟರ್ಬೊ ಬದಲಿಸಿದೆ. ಹನ್ನೆರಡನೇ ದಿನ ಗಾಡಿ ಮತ್ತೆ ಅಂಗಳದಲ್ಲಿ ನಿಂತಿತ್ತು, ಹೊಗೆ ಮೊದಲಿಗಿಂತ ಜೋರು. ಯಜಮಾನರು ಬೈಯಲಿಲ್ಲ. ಕವಳ ಹಾಕುತ್ತಾ ಕಲ್ಲಿನ ಮೇಲೆ ಕೂತರು. ಬೈದಿದ್ದರೇ ವಾಸಿಯಿತ್ತು. ಇಡೀ ದಿನ ಹುಡುಕಿ ಕೊನೆಗೆ ಆಯಿಲ್ ಇಳಿಯುವ ಪೈಪ್ ಬಿಚ್ಚಿದರೆ, ತೂತಿನ ಅರ್ಧ ಮುಚ್ಚಿಕೊಂಡು ಕೆಂಪು ಗಮ್ಮಿನ ಒಂದು ನಾಲಿಗೆ ಚಾಚಿಕೊಂಡಿತ್ತು. ಜೋಡಣೆಯ ನಡುವೆ ಇಡುವ ಗ್ಯಾಸ್ಕೆಟ್ ಸಿಗಲಿಲ್ಲ ಎಂದು ನಾನೇ ಹಚ್ಚಿದ್ದ ಸಿಲಿಕಾನ್ ಗಮ್ಮು. ಬಿಗಿ ಮಾಡಿದಾಗ ಅದು ಒಳಗೆ ಹಿಂಡಿಕೊಂಡಿತ್ತು. ಹಳೆಯ ಟರ್ಬೊದಲ್ಲಿ ನಿಜವಾಗಿ ದೋಷ ಇತ್ತೋ ಇಲ್ಲವೋ ಈಗ ಹೇಳಲು ನನಗೆ ಮುಖವಿಲ್ಲ. ಅದನ್ನು ಅಳೆದೇ ಇರಲಿಲ್ಲ. ಅವತ್ತಿನಿಂದ ಟರ್ಬೊ ಬೋಲ್ಟಿಗೆ ಸ್ಪ್ಯಾನರ್ ಹಾಕುವುದು ಕೊನೆಗೆ.

ನಿಮ್ಮ ಗಾಡಿಗೆ ಬರೋಣ. ಘಟ್ಟ ಇಳಿಯುವಾಗ ನಿಮ್ಮ ಕಾಲು ಆಕ್ಸಿಲರೇಟರ್ ಮೇಲೆ ಇರುವುದಿಲ್ಲ. ಎಂಜಿನ್ ಗೇರಿನಲ್ಲಿ ಸುತ್ತುತ್ತಿರುತ್ತದೆ, ಆಯಿಲ್ ಪಂಪು ಟರ್ಬೊಗೆ ಆಯಿಲ್ ಕಳಿಸುತ್ತಲೇ ಇರುತ್ತದೆ. ಆದರೆ ಟರ್ಬೊ ಒತ್ತಡ ಕಟ್ಟುತ್ತಿಲ್ಲ. ಒಳಕ್ಕೆ ತಳ್ಳಿ ಹಿಡಿಯುವ ಗಾಳಿ ಇಲ್ಲ. ಆಗ ಎಲ್ಲೋ ಒಂದು ಕಡೆ ತಡೆ ಇದ್ದರೆ ಆಯಿಲ್ ಸೀಲು ದಾಟಿ ಪೈಪಿನಲ್ಲಿ ಸೇರಿಕೊಳ್ಳುತ್ತದೆ. ಕೆಳಗೆ ಬಂದು ನೀವು ಒತ್ತಿದ ಕೂಡಲೇ ಸೇರಿದ್ದೆಲ್ಲ ಒಟ್ಟಿಗೆ ಸುಟ್ಟು ಮೋಡ ಏಳುತ್ತದೆ. ಐದು ನಿಮಿಷ ಚಾಲೂ ಇಟ್ಟು ನಿಂತಾಗಲೂ ಇದೇ ಕಥೆ. ಘಟ್ಟ ಹತ್ತುವಾಗ ಒತ್ತಡ ಇರುತ್ತದೆ, ಹೊಗೆ ಕಡಿಮೆ.

ಎಂಜಿನ್ನಿನೊಳಗಿನ ಪಿಸ್ಟನ್ ರಿಂಗು ಸವೆದಿದ್ದರೆ ಹೀಗಾಗುವುದಿಲ್ಲ. ಆಗ ಹತ್ತುವಾಗಲೇ ಹೊಗೆ ಜಾಸ್ತಿ. ಪಿಕಪ್ ಬೀಳುತ್ತದೆ, ಚಳಿ ಬೆಳಿಗ್ಗೆ ಸ್ಟಾರ್ಟ್ ಮಾಡಲು ಒದ್ದಾಡಬೇಕಾಗುತ್ತದೆ. ಹಾಗಾಗಿ ಎಂಜಿನ್ ಬಿಚ್ಚಬೇಕು ಎಂದವರ ಮಾತು ನನಗೆ ಅಷ್ಟು ಹಿಡಿಸುತ್ತಿಲ್ಲ. ವಾಲ್ವ್ ಸೀಲಿನ ಮೇಲೆ ಸಣ್ಣ ಅನುಮಾನ ಇಟ್ಟುಕೊಳ್ಳಬಹುದು, ಅದೂ ನಿಂತು ಹೊರಟಾಗ ಹೊಗೆ ಬಿಡುತ್ತದೆ. ಆದರೆ ಡೀಸೆಲಿನಲ್ಲಿ ಅದು ಪೆಟ್ರೋಲ್ ಗಾಡಿಯಷ್ಟು ಸಾಮಾನ್ಯ ಅಲ್ಲ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಎಂಜಿನ್ ತಣ್ಣಗಿರಲಿ. ಸ್ಕ್ರೂಡ್ರೈವರ್, ಟಾರ್ಚು, ಹಳೆಯ ಪಂಚೆಯ ತುಂಡು ಸಾಕು.

ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಮೇಲಿನ ಗೆರೆ ದಾಟಿದೆಯಾ? ನೀವು ಆಗಾಗ ಸುರಿಯುತ್ತಿರುವುದರಿಂದ ಕೇಳುತ್ತಿದ್ದೇನೆ. ಅಳತೆ ಇಲ್ಲದೆ ಹಾಕುತ್ತಾ ಹೋದರೆ ಎಂಜಿನ್ನಿನ ಕೆಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದನ್ನು ಕಡೆದು ನೊರೆ ಮಾಡುತ್ತದೆ, ಇಳಿಯುವ ಪೈಪಿನ ಬಾಯಿಯಲ್ಲೂ ಅಡ್ಡಿಯಾಗುತ್ತದೆ. ಜಾಸ್ತಿ ಆಯಿಲ್ ಹಾಕಿದ್ದೇ ಹೊಗೆಗೆ ಕಾರಣವಾದ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ. ಕಡ್ಡಿಯನ್ನು ಮೂಗಿಗೂ ಹಿಡಿಯಿರಿ. ಡೀಸೆಲ್ ವಾಸನೆ ಬಂದರೆ ಯಾವುದೋ ಇಂಜೆಕ್ಟರ್ ಸೋರಿ ಆಯಿಲಿಗೆ ಸೇರುತ್ತಿದೆ. ಡೀಸೆಲ್ ಸೇರಿ ನೀರಾದ ಆಯಿಲಿನ ಮೇಲೆ ಟರ್ಬೊ ಶಾಫ್ಟ್ ತೇಲುವುದಿಲ್ಲ, ಬುಶ್ ತಿನ್ನುತ್ತದೆ.

ಆಮೇಲೆ ಏರ್ ಫಿಲ್ಟರ್ ಡಬ್ಬಿ. ಇದನ್ನು ದಯವಿಟ್ಟು ನೀವೇ ತೆರೆಯಿರಿ. ಗಾಡಿ ಅಡಿಕೆ ಮಾಡಿನಲ್ಲಿ ನಿಲ್ಲುತ್ತದೆ ಎಂದು ಓದಿದ ಕೂಡಲೇ ನನಗೆ ಸಿದ್ದಾಪುರದ ಒಂದು ಕಾರು ನೆನಪಾಯಿತು. ಅದರ ಡಬ್ಬಿಯ ಕ್ಲಿಪ್ ತೆಗೆದು ಮುಚ್ಚಳ ಎತ್ತಿದರೆ ಫಿಲ್ಟರ್ ಕಾಣುತ್ತಲೇ ಇರಲಿಲ್ಲ. ಒಂದು ಬೊಗಸೆ ಅಡಿಕೆ ಸಿಪ್ಪೆಯ ನಾರು, ಅದರ ನಡುವೆ ಮೆತ್ತಗಿನ ಗೂಡು, ಗೂಡಿನಲ್ಲಿ ಕಣ್ಣು ಬಿಡದ ನಾಲ್ಕು ಇಲಿಮರಿ. ಆ ಕಾರಿಗೂ ಟರ್ಬೊ ಹೋಗಿದೆ ಎಂದು ಯಾರೋ ಹೇಳಿ ಆಗಿತ್ತು. ಫಿಲ್ಟರ್ ಕಟ್ಟಿದರೆ ಟರ್ಬೊ ಗಾಳಿಗಾಗಿ ಜೋರಾಗಿ ಎಳೆಯುತ್ತದೆ, ಗಾಳಿ ಸಿಗುವುದಿಲ್ಲ, ಬದಲಿಗೆ ಸೀಲಿನ ಸಂದಿಯಿಂದ ಆಯಿಲನ್ನೇ ಎಳೆಯುತ್ತದೆ. ಮಳೆಗಾಲದಲ್ಲಿ ಒದ್ದೆಯಾಗಿ ಉಬ್ಬಿದ ಕಾಗದದ ಫಿಲ್ಟರೂ ಅದನ್ನೇ ಮಾಡುತ್ತದೆ. ಬೇಸಿಗೆಯ ಕೆಂಪು ಧೂಳೂ ಅಷ್ಟೆ. ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ. ಬೆಳಕು ದಾಟದಿದ್ದರೆ ಸುಮ್ನೆ ಗಾಳಿ ಹೊಡೆಸಿ ಮತ್ತೆ ಹಾಕಬೇಡಿ, ಹೊಸದು ತನ್ನಿ.

ಮೂರನೆಯದು ಬ್ರೀದರ್. ನನಗೆ ಹೆಚ್ಚು ಅನುಮಾನ ಇರುವುದು ಇದರ ಮೇಲೆ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಹಬೆಯನ್ನು ಹೊರಗೆ ಬಿಡುವ ಪೈಪು ಅದು, ಹೋಗಿ ಟರ್ಬೊದ ಮೊದಲಿನ ಗಾಳಿ ಹೋಸಿಗೆ ಸೇರುತ್ತದೆ. ನಿಮ್ಮ ಮನೆ ಪೇಟೆಗೆ 6 ಕಿ.ಮೀ. ಡೀಸೆಲ್ ಎಂಜಿನ್ನಿನ ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಪೇಟೆ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿಯೇ ನೀರು. ಆ ನೀರಿನ ಅಂಶ ಎಂಜಿನ್ನಿನೊಳಗೆ ಹಬೆಯಾಗಿ ಹೊರಟು ಹೋಗುವುದಿಲ್ಲ, ಆಯಿಲಿನ ಜೊತೆ ಕಡೆದು ಹಳದಿ ಬೆಣ್ಣೆಯ ಹಾಗೆ ಬ್ರೀದರಿನಲ್ಲಿ ಕೂರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗಡೆ ಬೆರಳಾಡಿಸಿ. ಬೆಣ್ಣೆ ಸಿಕ್ಕಿದರೆ ಬ್ರೀದರಿನಲ್ಲೂ ಅದೇ ಇರುತ್ತದೆ. ಹಬೆ ಹೊರಗೆ ಹೋಗದೆ ಹೊಟ್ಟೆಯಲ್ಲಿ ಒತ್ತಡ ಕಟ್ಟಿದರೆ ಟರ್ಬೊದಿಂದ ಇಳಿಯಬೇಕಾದ ಆಯಿಲಿಗೆ ಜಾಗ ಸಿಗುವುದಿಲ್ಲ. ಅದೇ ತರಗೆಲೆ ಕಥೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಗೆ ಶುರುವಾಯಿತು ಎಂದಿದ್ದೀರಲ್ಲ, ಅದಕ್ಕೇ ಇಷ್ಟು ಹೇಳಿದೆ. ಒಂದು ಎಚ್ಚರಿಕೆ: ಬೆಣ್ಣೆಯ ಜೊತೆಗೆ ರೇಡಿಯೇಟರಿನಲ್ಲಿ ನೀರೂ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಇರಬಹುದು, ಅದರ ದಾರಿಯೇ ಬೇರೆ.

ಹೊಟ್ಟೆಯ ಒತ್ತಡ ನೋಡಲು ಹಳೆಯ ಉಪಾಯ ಒಂದಿದೆ. ಎಂಜಿನ್ ಚಾಲೂ ಮಾಡಿ, ಆಯಿಲ್ ಮುಚ್ಚಳ ಬಿಚ್ಚಿ, ಅದೇ ತೂತಿನ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಸಣ್ಣಗೆ ನಡುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಒತ್ತಡ ಜಾಸ್ತಿ. ಬ್ರೀದರ್ ಸ್ವಚ್ಛ ಮಾಡಿದ ಮೇಲೂ ಕುಣಿದರೆ ಆಗ ರಿಂಗಿನ ಮಾತು ತೆಗೆಯಬಹುದು. ಆಗಲೂ ಎಂಜಿನ್ ಬಿಚ್ಚುವ ಮೊದಲು ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ, ನಾಲ್ಕೂ ಸಿಲಿಂಡರಿನ ಲೆಕ್ಕ ಕಾಗದದ ಮೇಲೆ ಬರೆಸಿಕೊಳ್ಳಿ. ಬ್ರೇಕಿನ ವ್ಯಾಕ್ಯೂಮ್ ಹೋಸ್ ಸೋರುತ್ತಿದ್ದರೂ ವ್ಯಾಕ್ಯೂಮ್ ಪಂಪು ಆ ಗಾಳಿಯನ್ನೆಲ್ಲ ಎಂಜಿನ್ನಿನ ಹೊಟ್ಟೆಗೇ ತುಂಬುತ್ತದೆ. ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಅದನ್ನೂ ನೋಡಲು ಹೇಳಿ.

ಇನ್ನು ತಲೆಬರಹದಲ್ಲಿ ಹೇಳಿದ ಎರಡು ಹೋಸ್. ಗ್ಯಾರೇಜಿನಲ್ಲಿ ಗಾಳಿಯ ಹೋಸ್ ಬಿಚ್ಚಿ, ಒಳಗೆ ಬೆರಳಿಟ್ಟು, ಕಪ್ಪು ಆಯಿಲ್ ತೋರಿಸಿ "ನೋಡಿ, ಟರ್ಬೊ ಸೀಲು ಹೋಗಿದೆ" ಎನ್ನುತ್ತಾರೆ. ನೋಡಿದವರಿಗೆ ಹೌದೆನಿಸುತ್ತದೆ. ಅಲ್ಲಿ ನೀವು ಒಂದೇ ಪ್ರಶ್ನೆ ಕೇಳಬೇಕು: ಇದು ಟರ್ಬೊದ ಮೊದಲಿನ ಹೋಸೋ, ನಂತರದ್ದೋ?

ಫಿಲ್ಟರಿನಿಂದ ಟರ್ಬೊಗೆ ಬರುವುದು ಮೊದಲಿನ ಹೋಸ್. ಗಾಳಿ ಹರಿಯುವುದು ಟರ್ಬೊ ಕಡೆಗೆ. ಟರ್ಬೊದಿಂದ ಸೋರಿದ ಆಯಿಲ್ ಹೊಳೆಗೆ ಎದುರಾಗಿ ಈಜಿ ಇಲ್ಲಿಗೆ ಬರುವುದಿಲ್ಲ. ಇಲ್ಲಿ ಆಯಿಲ್ ಇದ್ದರೆ ಅದು ಬ್ರೀದರಿನದ್ದು. ಸ್ವಲ್ಪ ಜಿಡ್ಡು ಯಾವ ಹಳೆಯ ಡೀಸೆಲಿನಲ್ಲೂ ಇರುತ್ತದೆ, ಹೆದರಬೇಡಿ. ಟರ್ಬೊದಿಂದ ಎಂಜಿನ್ ಕಡೆಗೆ ಹೋಗುವುದು ನಂತರದ ಹೋಸ್. ಎರಡನ್ನೂ ಬಿಚ್ಚಿ ಪಂಚೆಯ ತುಂಡಿನಿಂದ ಒಳಗೆ ಒರೆಸಿ, ಎರಡು ತುಂಡನ್ನೂ ಪಕ್ಕ ಪಕ್ಕ ಇಡಿ. ಎರಡೂ ಒಂದೇ ಥರ ಜಿಡ್ಡಾಗಿದ್ದರೆ ಟರ್ಬೊ ಏನೂ ಸೇರಿಸಿಲ್ಲ, ಬಂದದ್ದನ್ನು ದಾಟಿಸಿದೆ ಅಷ್ಟೆ. ಮೊದಲಿನದು ಒಣಗಿದ್ದು ನಂತರದ್ದು ತೊಟ್ಟಿಕ್ಕುತ್ತಿದ್ದರೆ ಟರ್ಬೊದ ಗಾಳಿ ಕಡೆಯ ಸೀಲು ದಾಟಿ ಆಯಿಲ್ ಬರುತ್ತಿದೆ.

ಬಿಸಿ ಹೊಗೆಯ ಕಡೆಗೂ ಇದೇ ಲೆಕ್ಕ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ, ಗ್ಯಾರೇಜಿನಲ್ಲಿ ಎದುರು ನಿಂತು ಮಾಡಿಸಿ. ಟರ್ಬೊದ ನಂತರದ ಸೈಲೆನ್ಸರ್ ಪೈಪ್ ಬಿಚ್ಚಿದಾಗ ಅಲ್ಲಿ ಹಸಿ ಆಯಿಲ್ ಇದ್ದು, ಎಂಜಿನ್ನಿಗೆ ಅಂಟಿದ ಮ್ಯಾನಿಫೋಲ್ಡ್ ಒಣ ಮಸಿಯಾಗಿದ್ದರೆ ಸೋರುತ್ತಿರುವುದು ಟರ್ಬೊದ ಬಿಸಿ ಹೊಗೆ ಕಡೆಯ ಸೀಲು. ಮ್ಯಾನಿಫೋಲ್ಡೂ ಜಿಡ್ಡಾಗಿದ್ದರೆ ಆಯಿಲ್ ಎಂಜಿನ್ನಿನಿಂದಲೇ ಬರುತ್ತಿದೆ, ಟರ್ಬೊ ಬದಲಿಸಿ ಪ್ರಯೋಜನ ಇಲ್ಲ.

ಮೊದಲಿನ ಹೋಸ್ ಬಿಚ್ಚಿದಾಗ ಟರ್ಬೊದ ಸಣ್ಣ ಫ್ಯಾನ್ ಕಣ್ಣಿಗೆ ಕಾಣುವ ಹಾಗಿದ್ದರೆ, ಅದರ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಆಡಿಸಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಡುತ್ತದೆ. ಇದನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಆಡಲೇಬೇಕು, ತೇಲಲು ಆಯಿಲಿಗೆ ಜಾಗ ಬೇಕಲ್ಲ. ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಹಿಂದೆ ಮುಂದೆ, ಅಂದರೆ ಶಾಫ್ಟಿನ ಉದ್ದಕ್ಕೆ ಎಳೆದು ತಳ್ಳಿದರೆ ಆಡಿದ್ದೇ ಗೊತ್ತಾಗಬಾರದು. ಅಲ್ಲಿ ಇರುವ ಸಂದು ಸಾಮಾನ್ಯವಾಗಿ 0.1 ಮಿ.ಮೀ.ಗಿಂತ ಕಡಿಮೆ, ಒಂದು ಕೂದಲಿನಷ್ಟು. ಟಕ್ ಟಕ್ ಎಂದು ಕೈಗೆ ಸಿಕ್ಕಿದರೆ ಟರ್ಬೊ ಮುಗಿದಿದೆ. ರೆಕ್ಕೆಯ ತುದಿ ಸವೆದು ಹೊಳೆಯುತ್ತಿದ್ದರೂ ಅಷ್ಟೆ. ತಿರುಗಿಸಿ ಬಿಟ್ಟರೆ ಗರಗರ ಅನ್ನದೆ ನುಣ್ಣಗೆ ತಿರುಗಬೇಕು.

ನಂತರದ ಹೋಸಿನಲ್ಲಿ ಆಯಿಲ್ ತುಂಬಿಕೊಂಡಿರುವುದು ಕಂಡರೆ, ಅಂದರೆ ಬಗ್ಗಿಸಿದರೆ ಲೋಟದಿಂದ ಸುರಿದಂತೆ ಸುರಿದರೆ, ಗಾಡಿ ಸ್ಟಾರ್ಟ್ ಮಾಡಬೇಡಿ. ಇದು ಖರ್ಚಿನ ಮಾತಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒಳಗೆ ಹೋದ ಎಣ್ಣೆ ಯಾವುದಾದರೂ ಅದು ಸುಟ್ಟು ಓಡುತ್ತದೆ. ಹೋಸಿನಲ್ಲಿ, ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್ ಇದ್ದರೆ ಅದರ ಹೊಟ್ಟೆಯಲ್ಲಿ, ಸೇರಿದ ಆಯಿಲನ್ನು ಎಂಜಿನ್ ಒಮ್ಮೆ ಎಳೆಯಲು ಶುರು ಮಾಡಿದರೆ ತಾನೇ ವೇಗ ಏರಿಸಿಕೊಂಡು ಹೋಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಕೀ ನಿಲ್ಲಿಸುವುದು ಡೀಸೆಲನ್ನು, ಎಂಜಿನ್ ಕುಡಿಯುತ್ತಿರುವುದು ತನ್ನದೇ ಆಯಿಲನ್ನು. ಒಂದು ಸಲ ಅಂಕೋಲಾ ಹತ್ತಿರ ನೋಡಿದ್ದೇನೆ. ರಸ್ತೆ ಕಾಣದಷ್ಟು ಹೊಗೆ, ಎಂಜಿನ್ ಕಿರುಚುವ ಸದ್ದು, ಚಾಲಕ ಕೀಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ನಿಂತಿದ್ದ.

ಹಾಗೆ ಆದರೆ ಕೆಳಗಿಳಿದು ಓಡುವ ಮೊದಲು ಒಂದು ಕೆಲಸ ಮಾಡಬಹುದು. ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಐದನೇ ಗೇರ್ ಹಾಕಿ ಕ್ಲಚ್ ಒಮ್ಮೆಲೇ ಬಿಡಿ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಮುಂದೆ ಯಾರೂ ಇರಬಾರದು. ಗಾಳಿಯ ಬಾಯಿಗೆ ಕೈ ಅಡ್ಡ ಇಡಲು ಯಾವತ್ತೂ ಹೋಗಬೇಡಿ.

ಈಗ ಲೆಕ್ಕ ಹಾಕೋಣ. ಫಿಲ್ಟರ್ ಹೊಸದಾಯಿತು, ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆದಾಯಿತು, ಟರ್ಬೊದ ಆಯಿಲ್ ಇಳಿಯುವ ಪೈಪನ್ನೂ ಬಿಚ್ಚಿಸಿ ತಂತಿ ಹಾಕಿ ನೋಡಿದ್ದಾಯಿತು, ಶಾಫ್ಟ್ ಸರಿಯಾಗಿದೆ. ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ 500 ಕಿ.ಮೀ. ಓಡಿಸಿ. ಮೊದಲ ಎರಡು ಮೂರು ದಿನ ಹೊಗೆ ಬಂದೇ ಬರುತ್ತದೆ, ಸೈಲೆನ್ಸರಿನಲ್ಲಿ ಹಳೆಯ ಆಯಿಲ್ ಕೂತಿರುತ್ತದೆ. "ನೋಡಿ, ಕಡಿಮೆ ಆಗಲಿಲ್ಲ" ಎಂದು ಆಗಲೇ ಟರ್ಬೊಗೆ ಕೈ ಹಾಕಬೇಡಿ. ಡಿಪ್‌ಸ್ಟಿಕ್ ಅಳತೆಯನ್ನು ತಾರೀಕಿನ ಜೊತೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಹೊಗೆ ಕಣ್ಣಿಗೆ ಹೆಚ್ಚು ಕಡಿಮೆ ಕಾಣಬಹುದು, ಕಡ್ಡಿಯ ಗೆರೆ ಹಾಗಲ್ಲ.

ಇಷ್ಟಾದ ಮೇಲೂ ಆಯಿಲ್ ಇಳಿಯುತ್ತಿದ್ದರೆ, ಅಥವಾ ಮೊದಲೇ ಶಾಫ್ಟ್ ಆಡುವುದು ಕೈಗೆ ಸಿಕ್ಕಿದ್ದರೆ, ಟರ್ಬೊ ಬಿಚ್ಚಲೇಬೇಕು. ಆಗಲೂ ಇಡೀ ಹೊಸ ಟರ್ಬೊ ಬೇಕೆಂದಿಲ್ಲ. ಹೊರಗಿನ ಎರಡು ಚಿಪ್ಪು ಚೆನ್ನಾಗಿದ್ದರೆ ನಡುವಿನ ಭಾಗ ಮಾತ್ರ ಬದಲಿಸಬಹುದು, ಅಂಗಡಿಯಲ್ಲಿ ಕಾರ್ಟ್ರಿಜ್ ಅಥವಾ ಕೋರ್ ಎಂದು ಕೇಳಿ. ಖರ್ಚು ತುಂಬಾ ಕಡಿಮೆಯಾಗುತ್ತದೆ. ನಿಮ್ಮದು 75 ಪಿ.ಎಸ್. (ಹಾರ್ಸ್‌ಪವರ್ ಥರದ ಅಳತೆ) ಶಕ್ತಿಯ 1248 ಸಿ.ಸಿ. ಎಂಜಿನ್, ಫಿಯೆಟ್ ಮಲ್ಟಿಜೆಟ್. ಇದರ ಟರ್ಬೊ ಸಾದಾ, ಒಳಗೆ ರೆಕ್ಕೆ ಹೊರಳಿಸುವ ಏರ್ಪಾಡು ಇಲ್ಲ. 90 ಪಿ.ಎಸ್. ಗಾಡಿಗಳಲ್ಲಿ ಅದಿದೆ, ಅದನ್ನು ರಿಪೇರಿ ಮಾಡುವುದು ಸೂಕ್ಷ್ಮದ ಕೆಲಸ. ಆ ವಿಷಯದಲ್ಲಿ ನೀವು ಬಚಾವ್. ಆದರೆ ಬುಶ್ ಮಾತ್ರ ಬದಲಿಸಿ ಕೊಡುತ್ತೇವೆ, ಬ್ಯಾಲೆನ್ಸಿಂಗ್ ಬೇಡ ಎನ್ನುವವರ ಕೈಗೆ ಕೊಡಬೇಡಿ. ಲಕ್ಷದ ಮೇಲೆ ತಿರುಗುವ ಶಾಫ್ಟನ್ನು ಮಷಿನ್ನಿನಲ್ಲಿ ಬ್ಯಾಲೆನ್ಸ್ ಮಾಡದೆ ಹಾಕಿದರೆ ತಿಂಗಳಲ್ಲಿ ಸೀಟಿ ಹೊಡೆಯಲು ಶುರು. ಹುಬ್ಬಳ್ಳಿಗೆ ಕಳಿಸುವುದಾದರೆ ಕಳಿಸಿ, 100 ಕಿ.ಮೀ. ದೂರ ಹೋಗಿ ಬರಲಿ.

ಕೂರಿಸುವಾಗ ಎದುರು ನಿಂತು ನೋಡಬೇಕಾದದ್ದು ಸ್ವಲ್ಪ ಇದೆ. ಆಯಿಲ್ ಬರುವ ಸಣ್ಣ ಪೈಪನ್ನು ಹೊಸದೇ ಹಾಕಿಸಿ. ಹಳೆಯದರಲ್ಲಿ ಕರಕಲು ಕಟ್ಟಿರುತ್ತದೆ, ತೊಳೆದರೆ ಅರ್ಧ ಹೋಗುತ್ತದೆ, ಉಳಿದರ್ಧ ಹೊಸ ಟರ್ಬೊಗೆ ಹೋಗುತ್ತದೆ. ಗ್ಯಾಸ್ಕೆಟ್ಟಿನ ಜಾಗದಲ್ಲಿ ಗ್ಯಾಸ್ಕೆಟ್ಟೇ ಇರಲಿ, ಗಮ್ಮು ಬೇಡ. ಯಾಕೆಂದು ಮೇಲೆ ಹೇಳಿದ್ದೇನೆ. ಪೈಪ್ ಜೋಡಿಸುವ ಮೊದಲು ಟರ್ಬೊದ ಬಾಯಿಗೆ ಸ್ವಲ್ಪ ಹೊಸ ಆಯಿಲ್ ಬಿಟ್ಟು ಕೈಯಿಂದ ನಾಲ್ಕು ಸುತ್ತು ತಿರುಗಿಸಬೇಕು. ಒಣ ಬುಶ್ಶಿನಲ್ಲಿ ಸ್ಟಾರ್ಟ್ ಮಾಡಿದರೆ ಮೊದಲ ನಿಮಿಷದಲ್ಲೇ ಗೀರು ಬೀಳುತ್ತದೆ. ಹಳೆಯ ಹೋಸುಗಳಲ್ಲಿ ಉಳಿದ ಆಯಿಲನ್ನೆಲ್ಲ ಖಾಲಿ ಮಾಡಿಸಿ.

ಇನ್ನೊಂದು, ಘಟ್ಟದವರಿಗೇ ಹೇಳುವ ಮಾತು. ಕುಮಟಾ ಕಡೆಯಿಂದ ದೇವಿಮನೆ ಹತ್ತಿ ಮೇಲೆ ಬಂದ ಕೂಡಲೇ ಚಹಾಕ್ಕೆಂದು ಗಾಡಿ ನಿಲ್ಲಿಸಿ ಟಕ್ಕನೆ ಕೀ ತೆಗೆಯುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅರಬೈಲು ಘಟ್ಟದಲ್ಲೂ ಅದೇ. ಆ ಹೊತ್ತಿಗೆ ಟರ್ಬೊ ಕೆಂಡದಂತಿರುತ್ತದೆ. ಕೀ ತೆಗೆದರೆ ಆಯಿಲ್ ಬರುವುದು ನಿಲ್ಲುತ್ತದೆ, ಒಳಗೆ ನಿಂತ ಆಯಿಲ್ ಬಾಣಲೆಯಲ್ಲಿ ಉಳಿದ ಎಣ್ಣೆಯ ಹಾಗೆ ಕರಕಲಾಗುತ್ತದೆ. ಆ ಕರಕಲೇ ಪೈಪ್ ಕಟ್ಟುವುದು. ಕೊನೆಯ ಒಂದು ಕಿಲೋಮೀಟರ್ ನಿಧಾನ ಬನ್ನಿ, ಇಲ್ಲ ನಿಂತ ಮೇಲೆ ಒಂದೆರಡು ನಿಮಿಷ ಚಾಲೂ ಇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ, ಮೊದಲಿನವರು ಏನು ಮಾಡುತ್ತಿದ್ದರೋ.

ಮದುವೆಯ ವಿಷಯ. ಶಿರಸಿಯಿಂದ ಕಾರವಾರ ಕುಮಟಾ ಮೇಲೆ ಸುಮಾರು 120 ಕಿ.ಮೀ. ಹೋಗಿ ಬಂದರೆ 240, ನಡುವೆ ಘಟ್ಟ ಎರಡು ಸಲ. ಭಾನುವಾರ ನಂತರದ ಹೋಸ್ ಬಿಚ್ಚಿ ನೋಡಿದಾಗ ಬರೀ ಜಿಡ್ಡಿದ್ದು, ಶಾಫ್ಟ್ ಉದ್ದಕ್ಕೆ ಆಡದಿದ್ದರೆ ಧೈರ್ಯವಾಗಿ ಹೋಗಿ. ಡಿಕ್ಕಿಯಲ್ಲಿ ಅದೇ ಗ್ರೇಡಿನ ಒಂದು ಲೀಟರ್ ಆಯಿಲ್ ಇರಲಿ, ಅಂಕೋಲಾದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ. ಹೋಸಿನಲ್ಲಿ ಆಯಿಲ್ ನಿಂತಿದ್ದರೆ ಗಾಡಿ ಅಂಗಳದಲ್ಲೇ ಇರಲಿ, ಬಸ್ಸಿಗೆ ಹೋಗಿ. ಮೊದಲಿನ ಹೋಸಿನಲ್ಲಿ, ನಂತರದ ಹೋಸಿನಲ್ಲಿ ಏನು ಸಿಕ್ಕಿತು, ಮುಚ್ಚಳ ಕುಣಿಯಿತಾ ಇಲ್ಲವಾ ಎಂದು ಬರೆಯಿರಿ. ಎರಡು ಬಟ್ಟೆ ತುಂಡಿನ ಫೋಟೊ ಕಳಿಸಿದರೆ ಇನ್ನೂ ಒಳ್ಳೆಯದು.